ಮಡಂತ್ಯಾರು, ಸ್ವಲ್ಪ ಒಳಗೆ ಸರಿಯಿರಿ

ಬಂಟ್ವಾಳದಿಂದ ಬೆಳಿಗ್ಗೆ ಎಂಟು ಹತ್ತಕ್ಕೆ ಬೆಳ್ತಂಗಡಿಗೆ ಹೊರಡುವ ಖಾಸಗಿ ಬಸ್ಸಿನಲ್ಲಿ ವಸಂತ ಇಪ್ಪತ್ತೆರಡು ವರ್ಷ ಕಂಡಕ್ಟರನಾಗಿದ್ದ. ಇಪ್ಪತ್ತೈದು ಎಂದು ಕೆಲವರು ಹೇಳುವುದುಂಟು, ಅದು ತಪ್ಪು. ಅಷ್ಟು ವರ್ಷ ನಿಂತೇ ಇದ್ದುದರಿಂದ ಮೊಣಕಾಲುಗಳು ಮುಷ್ಕರ ಹೂಡಿದ್ದವು. ಬಸ್ ನಿಲ್ದಾಣದ ಟೈಮ್‌ಕೀಪರ್ ಕೆಲಸ, ಅಂದರೆ ಕುರ್ಚಿಯಲ್ಲಿ ಕೂತು ಬಸ್ಸುಗಳನ್ನು ವೇಳೆಗೆ ಸರಿಯಾಗಿ ಹೊರಡಿಸುವ ಕೆಲಸ, ಜುಲೈಯಲ್ಲಿ ತೆರವಾಗುವುದಿತ್ತು. ಬಸ್ಸಿನ ಮಾಲಕರದು ಒಂದೇ ಷರತ್ತು: ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ವಸಂತನಿಗೆ ಬಾಕಿ ಇದ್ದುದು ಇಂಗ್ಲಿಷ್ ಮಾತ್ರ.

ಅವನು ಕೊಂಡ ಗೈಡಿನಲ್ಲಿ ಅಲಂಕಾರಗಳ ಹೆಸರುಗಳನ್ನು ಔಷಧಿ ಅಂಗಡಿಯ ಡಬ್ಬಿಗಳಂತೆ ಸಾಲಾಗಿ ಜೋಡಿಸಿದ್ದರು. ಸಿಮಿಲಿ ಯಾವುದು, ಮೆಟಫರ್ ಯಾವುದು ಎಂಬುದಕ್ಕೆ ಬಾಯಿಪಾಠಕ್ಕೊಂದು ವ್ಯಾಖ್ಯೆ; ಅರ್ಥವಾಗುವಂಥ ಒಂದು ಸಾಲೂ ಇಲ್ಲ. ಇಂಥ ಪುಸ್ತಕವನ್ನು ಅಚ್ಚು ಹಾಕಿದವರನ್ನೇ ಮೊದಲು ಪರೀಕ್ಷೆಗೆ ಕೂರಿಸಬೇಕು.

ಮಡಂತ್ಯಾರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಶಹನಾಝ್ ಟೀಚರ್ ದಿನವೂ ಅದೇ ಬಸ್ಸಿಗೆ ಬರುತ್ತಿದ್ದರು. ವಸಂತ ಟಿಕೆಟ್ ಕೊಡುವಾಗೆಲ್ಲ ಒಂದೊಂದು ಪ್ರಶ್ನೆ ಕೇಳುತ್ತಿದ್ದ. ಮೊದಲ ಗಂಟನ್ನು ಟೀಚರ್ ತುಳುವಿನಿಂದಲೇ ಬಿಡಿಸಿದರು. ತುಳುವಿನಲ್ಲಿ ‘ಲೆಕ್ಕ’ ಎಂದರೆ ‘ಹಾಗೆ’. ‘ಆಯೆ ಪಿಲಿತ ಲೆಕ್ಕ’, ಅವನು ಹುಲಿಯ ಹಾಗೆ ಎಂದರೆ ಸಿಮಿಲಿ. ಲೆಕ್ಕ ತೆಗೆದು ‘ಆಯೆ ಪಿಲಿ’, ಅವನು ಹುಲಿ ಎಂದರೆ ಮೆಟಫರ್. ವಸಂತ ಅದನ್ನು ಮತ್ತೆ ಮರೆಯಲಿಲ್ಲ. ಮೆಟಾನಮಿ ಎಂಬುದು ಮಾತ್ರ ತಲೆಗೆ ಹತ್ತಲೊಲ್ಲದು.

ಫೆಬ್ರವರಿಯ ಒಂದು ಸೋಮವಾರ ಬಸ್ಸು ಕಿಕ್ಕಿರಿದಿತ್ತು. ವಸಂತ ಎಂದಿನಂತೆ ಕೂಗಿದ: “ಪುಂಜಾಲಕಟ್ಟೆ ಬಾಗಿಲಿಗೆ ಬನ್ನಿ. ಮಡಂತ್ಯಾರು, ಸ್ವಲ್ಪ ಒಳಗೆ ಸರಿಯಿರಿ.”

ಸಂತೆಗೆ ಬುಟ್ಟಿ ಹೊತ್ತು ಹೊರಟಿದ್ದ ಸೇಸಮ್ಮ ಜಗ್ಗಲಿಲ್ಲ. “ಮಡಂತ್ಯಾರು ಸರಿಯುವುದು ಹೇಗೆ ಮಾರಾಯ? ಪುಂಜಾಲಕಟ್ಟೆಯ ಹೊಟ್ಟೆ ಅಡ್ಡ ಉಂಟು.”

ಶಹನಾಝ್ ಟೀಚರ್ ನಗು ತಡೆಯಲಾರದೆ ಹೇಳಿದರು: “ವಸಂತಣ್ಣ, ಜನರನ್ನು ಊರಿನ ಹೆಸರಿನಿಂದ ಕರೀತೀರಲ್ಲ, ನೀವು ಹುಡುಕುವ ಮೆಟಾನಮಿ ಅದೇ.”

“ಹಾಗಾದ್ರೆ ಇಪ್ಪತ್ತೆರಡು ವರ್ಷದಿಂದ ನಾನು ಅದನ್ನೇ ಕೂಗ್ತಾ ಇದ್ದೇನಾ ಟೀಚರೇ? ಒಬ್ಬರಾದ್ರೂ ಹೇಳ್ಬಾರದಾ?”

ಪರೀಕ್ಷೆಯಲ್ಲಿ ಮೆಟಾನಮಿಗೆ ‘ನಿಮ್ಮದೇ’ ಒಂದು ಉದಾಹರಣೆ ಬರೆಯಿರಿ ಎಂದು ಕೇಳಿದ್ದರು, ಎರಡು ಅಂಕ. ವಸಂತ ‘ಮಡಂತ್ಯಾರು, ಒಳಗೆ ಸರಿಯಿರಿ’ ಎಂಬುದನ್ನೇ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದ. ಫಲಿತಾಂಶ ಬಂದಾಗ ಪಾಸಾಗಲು ಸರಿಯಾಗಿ ಎರಡು ಅಂಕ ಕಡಿಮೆ. ಉತ್ತರಪತ್ರಿಕೆಯ ನಕಲು ತರಿಸಿ ನೋಡಿದರೆ ಆ ವಾಕ್ಯದ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ. ನಿಮ್ಮದೇ ಎಂದು ಕೇಳುವುದು, ಅವನದೇ ಕೊಟ್ಟರೆ ಹೊಡೆದುಹಾಕುವುದು! ಆ ಮೌಲ್ಯಮಾಪಕರು ಜನ್ಮದಲ್ಲಿ ಒಮ್ಮೆಯೂ ನಮ್ಮ ಬಸ್ಸು ಹತ್ತಿದವರಲ್ಲ.

ವಸಂತನ ಹೆಂಡತಿ ಪದ್ಮಾಕ್ಷಿ ಸಾಕು ಬಿಡಿ ಎಂದಳು, ಅವನು ಬಿಡಲಿಲ್ಲ. ಟೀಚರ ನೆರವಿನಿಂದ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ. ವಿವರಣೆಗೆ ಅರ್ಜಿಯಲ್ಲಿ ಜಾಗವಿಲ್ಲದಿದ್ದರೂ ಪ್ರತ್ಯೇಕ ಹಾಳೆಯಲ್ಲಿ ಬರೆದು ಅಂಚೆಗೆ ಹಾಕಿದ: ಮಡಂತ್ಯಾರು ಪೇಟೆಯು ಇದ್ದಲ್ಲಿಂದ ಕದಲುವುದಿಲ್ಲ, ಆದ್ದರಿಂದ ಇಲ್ಲಿ ಸರಿಯಬೇಕಾದವರು ಅಲ್ಲಿಗೆ ಟಿಕೆಟ್ ತೆಗೆದುಕೊಂಡ ಪ್ರಯಾಣಿಕರೇ ಎಂದು ತಿಳಿಯತಕ್ಕದ್ದು. ಅದನ್ನು ಯಾರು ಓದಿದರೋ ಗೊತ್ತಿಲ್ಲ. ಜೂನ್ ಇಪ್ಪತ್ತಾರಕ್ಕೆ ಎರಡು ಅಂಕವೂ ಬಂತು.

ಜುಲೈ ಒಂದರಂದು ವಸಂತ ಟೈಮ್‌ಕೀಪರನ ಕುರ್ಚಿಯಲ್ಲಿ ಕೂತು ಕಾಲು ಚಾಚಿದ. ಎಂಟು ಹತ್ತಕ್ಕೆ ಒಂದು ನಿಮಿಷವಿರುವಾಗ ಮೈಕ್ ಹಿಡಿದು ಕೇಳಿದ: “ಬೆಳ್ತಂಗಡಿ ಹತ್ತಿ ಆಯ್ತಾ?”

ಕಿಟಕಿಯಿಂದ ಸೇಸಮ್ಮನ ಉತ್ತರ ಬಂತು. “ಬೆಳ್ತಂಗಡಿ ಹತ್ತಿ ಆಯ್ತು. ಮಡಂತ್ಯಾರಿಗೆ ಇನ್ನೂ ಸೀಟು ಸಿಕ್ಲಿಲ್ಲ.”