ಸುಂಕಪ್ಪನ ಬೀಳ್ಕೊಡುಗೆ

ನಮ್ಮೂರ ಪುರಸಭೆ ದಲಿತ ಹೆಣ್ಣುಮಗಳೊಬ್ಬಳಿಗೆ ಮೀಸಲಾತಿಯಂತೆ ಸಿಗಬೇಕಾದ ಅಧ್ಯಕ್ಷಗಿರಿಯ ಸರದಿಯನ್ನು ಇನ್ನೂ ಬಾಕಿ ಉಳಿಸಿಕೊಂಡಿದೆ. ಈಗಿನ ಅಧ್ಯಕ್ಷರ ಅವಧಿ ಮುಗಿಯುತ್ತ ಬಂದಿದ್ದರೂ ಅದನ್ನು ಇನ್ನಷ್ಟು ಎಳೆಯಬೇಕೆಂದು ಅವರ ಬಾಲಬಡುಕರು ಓಡಾಡುತ್ತಿರುವುದರಿಂದ ಹಮಾಲರ ಸಂಘದ ಸುಂಕಪ್ಪನಿಗೆ ಕೈತುಂಬ ಕೆಲಸ. ದೇವದುರ್ಗದಿಂದ ಮಾನ್ವಿಯವರೆಗೆ ಎಲ್ಲಿ ಧರಣಿಯಿದ್ದರೂ ತನ್ನ ಚಾಪೆ ತಾನೇ ಹೊತ್ತು ಬರುವ ಈ ಮುದುಕ, ಕುರ್ಚಿ ಬಿಡದವರಿಗೆ ಧಿಕ್ಕಾರ ಕೂಗುವುದಿಲ್ಲ, ಬೀಳ್ಕೊಡುಗೆ ಮಾಡುತ್ತಾನೆ. ಹಲಗೆ ಬಾರಿಸುವವರನ್ನು ಕಟ್ಟಿಕೊಂಡು, ಚೆಂಡುಹೂವಿನ ಹಾರ ಹಿಡಿದು ಕಚೇರಿಗೆ ನುಗ್ಗಿದರೆ, ಹಾರ ಕಂಡ ಅಭ್ಯಾಸಕ್ಕೆ ಅಧ್ಯಕ್ಷರ ಕತ್ತು ತಾನಾಗಿಯೇ ಬಾಗುತ್ತದೆ. “ಸಾಹೇಬ್ರ, ಭಾಳ ದುಡದ್ರಿ, ಏಳ್ರಿ, ಮನೀತನಕ ಬಿಟ್ಟು ಬರ್ತೀವಿ” ಎನ್ನುತ್ತಾನೆ. “ನಾ ಹೊಂಟೀನಂತ ಯಾರಲೇ ನಿನಗ ಹೇಳಿದ್ದು?” ಎಂದು ಅವರು ಸಿಡುಕಿದರೆ, “ಹಂಗಾದ್ರ ಇವತ್ತು ರಿಹರ್ಸಲ್ ಅಂತ ತಿಳ್ಕೋರಿ, ನಾಳಿ ಮತ್ತ ಬರ್ತೀವಿ” ಎಂಬ ಉತ್ತರ ಸಿದ್ಧ. ಜವಾನರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಆದರೆ ಅವನ ಚೀಲದಲ್ಲಿ ಮಡಿಕೆ ಬಿಚ್ಚದ ಒಂದು ಶಾಲಿದೆ. ಅದನ್ನು ಯಾರಿಗೂ ಹೊದಿಸುವುದಿಲ್ಲ; ಅದು ಸರದಿ ಕಾಯುತ್ತಿರುವ ಸದಸ್ಯೆ ನಾಗವೇಣಿಗೆ. ಅವಧಿ ವಿಸ್ತರಿಸಿದರೆ ಆಕೆ ಕುರ್ಚಿಯಲ್ಲಿ ಕೂರುವ ಮೊದಲೇ ಈ ಪುರಸಭೆಯ ಕಾಲವೇ ಮುಗಿಯುತ್ತದೆ. ಸೋಮವಾರ ಅವಧಿ ವಿಸ್ತರಣೆಯ ಠರಾವಿಗೆ ಕೈ ಎತ್ತಲಿರುವ ನಿಮ್ಮ ಓಣಿಯ ಸದಸ್ಯನ ಮನೆಗೆ ಇಂದೇ ಹೋಗಿ, ಆ ಕೈ ಕೆಳಗೇ ಇರಲಿ ಎಂದು ಹೇಳಿ ಬನ್ನಿ.