ಟಾಲಿವರ್‌ನ ಕೊನೆಯ ಅಧ್ಯಾಯ

ಅಮೆರಿಕವೆಂಬ ದೇಶವನ್ನು ಕಟ್ಟಿದವರು ಯಾರು ಎಂಬ ಒಂದೇ ಪ್ರಶ್ನೆಯ ಮೇಲೆ ಅಗಾಥಾ ಬ್ರೆನ್ನರ್ ಮತ್ತು ಲಾಯ್ಡ್ ಟಾಲಿವರ್ ಅರ್ಧ ಆಯುಷ್ಯ ಜಗಳವಾಡಿದರು. ದೇಶ ಹುಟ್ಟಿದ ಕಾಲದ ಚರಿತ್ರೆ ಬರೆಯುವವರೆಲ್ಲ ಫಿಲಡೆಲ್ಫಿಯಾದಲ್ಲಿ ಶುಕ್ರವಾರ ಮಧ್ಯಾಹ್ನ ಒಂದೆಡೆ ಸೇರುತ್ತಿದ್ದರು. ಒಬ್ಬರು ತಾವು ಬರೆದದ್ದನ್ನು ಓದುವುದು, ಉಳಿದವರು ಅದನ್ನು ಹಿಗ್ಗಾಮುಗ್ಗಾ ಎಳೆದಾಡುವುದು, ಆಮೇಲೆ ಎಲ್ಲರೂ ಕೂಡಿ ಬಿಯರ್ ಕುಡಿಯಲು ಹೋಗುವುದು. ದೇಶ ಹುಟ್ಟಿದ್ದು ಓದಿಕೊಂಡವರು ಸಭೆಯಲ್ಲಿ ಕೂತು ನಡೆಸಿದ ವಾದದಿಂದ ಎಂದು ಅಗಾಥಾ. ಅಲ್ಲ, ಹಡಗುಕಟ್ಟೆಯ ಕೂಲಿಗಳು, ಚರ್ಮ ಹದಮಾಡುವವರು ಬೀದಿಗಿಳಿದದ್ದರಿಂದ ಎಂದು ಟಾಲಿವರ್.

“ನಿನ್ನ ಪುಸ್ತಕದಲ್ಲಿ ಯಾರಿಗಾದ್ರೂ ಬೆವರು ಬರುತ್ತಾ, ಅಗಾಥಾ?” ಎಂದು ಅವನು ಕೆಣಕುತ್ತಿದ್ದ.

“ನಿನ್ನ ಪುಸ್ತಕದಲ್ಲಿ ಯಾರಾದ್ರೂ ಯೋಚನೆ ಮಾಡ್ತಾರಾ?” ಎಂದು ಅವಳು ತಿರುಗಿಸುತ್ತಿದ್ದಳು.

ಒಂದು ಚಳಿಗಾಲದಲ್ಲಿ ಟಾಲಿವರ್ ಹೃದಯ ನಿಂತು ತೀರಿಕೊಂಡ. ಸ್ವಲ್ಪ ದಿನ ಕಳೆದ ಮೇಲೆ ಅವನ ಹೆಂಡತಿ ಇಮೋಜೆನ್ ಅಗಾಥಾಳನ್ನು ಊಟಕ್ಕೆ ಕರೆದಳು. ಸೂಪು ಬಡಿಸುತ್ತಲೇ ವಿಷಯಕ್ಕೆ ಬಂದಳು. ಅವನು ತನ್ನ ಪುಸ್ತಕದ ಕೊನೆಯ ಅಧ್ಯಾಯದ ಕೆಲವೇ ಪುಟ ಬರೆದಿಟ್ಟು ಹೋಗಿದ್ದಾನೆ, ಉಳಿದದ್ದನ್ನು ನೀನೇ ಬರೆಯಬೇಕು ಎಂದಳು.

“ನಾನಾ? ತಲೆ ಕೆಟ್ಟಿದ್ಯಾ ನಿನಗೆ? ಅವನ ಶಿಷ್ಯರಿದ್ದಾರಲ್ಲ!”

“ಅವರಿಗೆ ಅವನನ್ನ ಹೊಗಳೋದಷ್ಟೇ ಗೊತ್ತು. ಅವನು ಒಂದು ಸಾಲು ಬರೆದ್ರೆ ಸಾಕು, ‘ಇದಕ್ಕೆ ಅಗಾಥಾ ಏನಂತಾಳೆ’ ಅಂತ ನನ್ನ ತಲೆ ತಿಂತಿದ್ದ. ನಿನ್ನಷ್ಟು ಗಮನ ಇಟ್ಟು ಅವನನ್ನ ಓದಿದವರು ಯಾರಿದ್ದಾರೆ, ಹೇಳು.”

ಯಾಕೆ ಒಪ್ಪಿದೆನೆಂದು ಅಗಾಥಾಳಿಗೆ ತಿಳಿಯಲಿಲ್ಲ. ಮೊದಮೊದಲು ಅವನ ಮಾತನ್ನು ಅವನ ಧಾಟಿಯಲ್ಲೇ ಜೋಡಿಸಿದಳು. ಆಮೇಲೆ ಕೆಲಸ ತಾನೇ ಓಡತೊಡಗಿತು. ಕ್ರಾಂತಿಯ ದಿನಗಳಲ್ಲಿ ಹಿಟ್ಟಿನ ಬೆಲೆ ಏರಿಸಿದ ವ್ಯಾಪಾರಿಯ ಬಾಗಿಲಲ್ಲಿ ನೆರೆದವರನ್ನು ಅವಳು ಜೀವಮಾನವಿಡೀ ‘ದೊಂಬಿ’ ಎಂದೇ ಬರೆದಿದ್ದಳು. ಈಗ ಬೆರಳು ‘ನಾಗರಿಕರು’ ಎಂದು ಬರೆದುಬಿಟ್ಟಿತು. ಅಳಿಸಿದಳು. ಮತ್ತೆ ಅದನ್ನೇ ಬರೆದಳು.

ವಸಂತ ಬಂದಾಗ ಆ ಅಧ್ಯಾಯವನ್ನು ಶುಕ್ರವಾರದ ಸಭೆಯಲ್ಲಿ ಓದಿದಳು. ಮುಗಿಸುತ್ತಿದ್ದಂತೆ ಅವಳ ಹಳೆಯ ವಿದ್ಯಾರ್ಥಿ ಡೆಸ್ಮಂಡ್ ಎದ್ದು ನಿಂತ.

“ಪ್ರೊಫೆಸರ್, ಇದೆಲ್ಲ ತಪ್ಪು ಅಂತ ನೀವೇ ನಮಗೆ ಕಲಿಸಿದ್ರಲ್ಲ! ಕೂಗಾಡಿದ್ರೆ ಸಂವಿಧಾನ ಆಗಲ್ಲ, ಯಾರಾದ್ರೂ ಕೂತು ಬರೀಬೇಕು ಅಂದಿದ್ದು ಯಾರು?”

ಅಗಾಥಾಳಿಗೆ ರೇಗಿತು. “ಅವರನ್ನ ಕೂರಿಸಿದ್ದು ಯಾರು, ಡೆಸ್ಮಂಡ್? ಕಿಟಕಿಯಾಚೆ ಗಲಾಟೆ ಇಲ್ದಿದ್ರೆ ಮಹಾಶಯರು ಊಟ ಮುಗಿಸಿ ಮನೆಗೆ ಹೋಗಿ ಮಲಗ್ತಿದ್ರು!”

ಎಲ್ಲರೂ ನಕ್ಕರು. ಡೆಸ್ಮಂಡ್ ನಗಲಿಲ್ಲ. “ಹಾಗಾದ್ರೆ ಈಗ ನೀವು ಯಾವ ಕಡೆ?” ಎಂದು ಕೇಳಿದ.

“ಗೊತ್ತಿಲ್ಲ ಕಣೋ,” ಎಂದು ಅಗಾಥಾ ಕುಳಿತುಬಿಟ್ಟಳು. ಬಿಯರ್ ಕುಡಿಯುವಾಗ ಟಾಲಿವರ್‌ನ ಶಿಷ್ಯನೊಬ್ಬ ಅವಳ ಕೈ ಕುಲುಕಿ, ಕೊನೆಗೂ ದಾರಿಗೆ ಬಂದಿರಿ ಎಂದ. ತಕ್ಷಣ ಅವಳು ಅವನ ಮೇಲೆ ಹರಿಹಾಯ್ದು, ತನ್ನ ಹಳೆಯ ವಾದವನ್ನೇ ಅಷ್ಟೇ ಆವೇಶದಿಂದ ಮಂಡಿಸಿದಳು. ಎರಡೂ ಸಲ ಮನಸ್ಸಿನಿಂದಲೇ ಮಾತಾಡಿದ್ದಳು. ಅದೇ ಅವಳಿಗೆ ಭಯ ತಂದಿತು.

ಪುಸ್ತಕ ಹೊರಬಂತು. ಕೊನೆಯ ಅಧ್ಯಾಯದಲ್ಲಿ ಟಾಲಿವರ್ ಜೀವಂತವಾಗಿದ್ದಾನೆ ಎಂದು ಒಬ್ಬ ವಿಮರ್ಶಕ ಬರೆದ. ಬ್ರೆನ್ನರ್ ಸತ್ತವನ ಬಾಯಲ್ಲಿ ತನ್ನ ಮಾತು ತುರುಕಿದ್ದಾಳೆ ಎಂದು ಇನ್ನೊಬ್ಬ. ಅಗಾಥಾ ಎರಡನ್ನೂ ಓದಿ ಇಮೋಜೆನ್‌ಗೆ ಫೋನ್ ಮಾಡಿದಳು.

“ನಿನಗೇನನ್ಸುತ್ತೆ? ನಿಜ ಹೇಳು.”

“ಓದ್ತಾ ಓದ್ತಾ ಒಂದು ಕಡೆ ‘ಇದು ಅಗಾಥಾಳ ಕಿತಾಪತಿ’ ಅಂತ ಬೈದೆ. ನೋಡಿದ್ರೆ ಅದು ಲಾಯ್ಡ್ ಬರೆದಿದ್ದ ಪುಟ,” ಎಂದು ಇಮೋಜೆನ್ ನಕ್ಕಳು. ನಗುತ್ತಲೇ ಅತ್ತಳು.

ಅಗಾಥಾಳ ಸ್ವಂತ ಪುಸ್ತಕ ಅರ್ಧಕ್ಕೆ ನಿಂತಿತ್ತು. ಬೇಸಿಗೆ ರಜೆಯಲ್ಲಿ ಅದನ್ನು ಮೊದಲ ಪುಟದಿಂದ ಹೊಸದಾಗಿ ಬರೆಯಲು ಕುಳಿತಳು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅವಳಿಗೇ ಗೊತ್ತಿರಲಿಲ್ಲ.