ತಳ ಹಿಡಿದ ಪಾತ್ರೆಗೆ ನಲವತ್ತು ಸಾವಿರ ನೋಡುಗರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಡುಗಿಯರ ಹಾಸ್ಟೆಲ್ಲಿನ ಹಿತ್ತಲಲ್ಲಿ ನಲ್ಲಿಯ ನೀರು ಸಿಮೆಂಟ್ ಕಟ್ಟೆಯ ಮೇಲೆ ಧೋ ಎಂದು ಬೀಳುತ್ತಿದೆ. ಪಾತ್ರೆ ಅಕ್ಕ ತೋಳು ಮೇಲಕ್ಕೆ ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲನ್ನು ಹಿಡಿ ಮುರಿದ ಮಗ್ಗಿನೊಳಗೆ ನಿಲ್ಲಿಸುತ್ತಾರೆ. ಅದು ವಾಲದಂತೆ ಪಕ್ಕಕ್ಕೊಂದು ಸೋಪಿನ ಚೂರು. ಪರದೆಯಲ್ಲಿ ಕಾಣುವುದು ಕಟ್ಟೆ, ಪಾತ್ರೆ ಮತ್ತು ಎರಡು ಕೈ. ಆಮೇಲೆ ರಾತ್ರಿಯ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ತಳ ನೋಡುತ್ತಾರೆ. ಅನ್ನದ್ದು ಸ್ವಚ್ಛ. ಬೇಳೆಯದ್ದೂ ಸ್ವಚ್ಛ. ಹಾಲಿನ ದಬರಿಯಂತೂ ಈಗಷ್ಟೇ ಅಂಗಡಿಯಿಂದ ತಂದಂತಿದೆ.

“ನೋಡಿ, ಒಂದಾದ್ರೂ ತಳ ಹಿಡಿದಿದ್ಯಾ?” ಎಂದು, ಇವರ ಬಗ್ಗೆ ಬರೆಯಲು ಬಂದ ನಮ್ಮ ಕಡೆ ತಿರುಗಿ ಮುಖ ಸಪ್ಪೆ ಮಾಡುತ್ತಾರೆ. ಪಾತ್ರೆ ತೊಳೆಯುವವರಲ್ಲಿ ಇಂಥದ್ದಕ್ಕೆ ಬೇಜಾರು ಮಾಡಿಕೊಳ್ಳುವವರು ಬಹುಶಃ ಇವರೊಬ್ಬರೇ.

ಬೇಜಾರಿಗೆ ಕಾರಣ ಆ ಮಗ್ಗಿನೊಳಗೇ ಇದೆ. ‘ಫಳಫಳ’ ಎಂಬ ಹೆಸರಿನಲ್ಲಿ ಪಾತ್ರೆ ಅಕ್ಕ ಹಾಕುವ ವಿಡಿಯೊಗಳಿಗೆ ನಲವತ್ತು ಸಾವಿರ ಫಾಲೋವರ್ಸ್ ಇದ್ದಾರೆ. ಸೀದು ಕರ್ರಗಾದ ಪಾತ್ರೆಯೊಂದು ಉಜ್ಜಿಸಿಕೊಂಡು ಹೊಳೆಯುವುದನ್ನು ನೋಡಲು ಇಷ್ಟೊಂದು ಜನ ಕಾದು ಕೂರುತ್ತಾರೆ. ಪರೀಕ್ಷೆ ಕೈಕೊಟ್ಟವರು, ನಿದ್ದೆ ಬಾರದವರು, ಹೆಂಡತಿಯ ಹತ್ತಿರ ಬೈಸಿಕೊಂಡವರು, ಎಲ್ಲರೂ ಕೆಳಗೆ ಬರೆಯುವುದು ಒಂದೇ ಮಾತು: ಮನಸ್ಸು ಹಗುರವಾಯಿತು.

ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಇವರದ್ದೇ ವಿಡಿಯೊ ನೋಡುತ್ತಿದ್ದಳಂತೆ. ಪಾತ್ರೆ ಅಕ್ಕನಿಗೆ ತಡೆಯಲಾಗಲಿಲ್ಲ. “ಅದು ನಾನೇ ಕಣಮ್ಮಾ ಅಂದೆ. ಆ ಹುಡುಗಿ ನನ್ನನ್ನ ಮೇಲಿಂದ ಕೆಳಗೆ ನೋಡಿ, ಹೌದಾ ಆಂಟಿ ಅಂತ ನಕ್ಕು, ಎದ್ದು ಹೋಗಿ ಬೇರೆ ಸೀಟಲ್ಲಿ ಕೂತ್ಕೊಂಡ್ಳು!” ಹೇಳುವಾಗ ನಗು ತಡೆಯಲಾಗದೆ ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತಾರೆ.

ಗಂಡ ತೀರಿಕೊಂಡಾಗ ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಮೊದಲು ನಾಲ್ಕು ಮನೆ, ಆಮೇಲೆ ಒಂದು ಹೋಟೆಲ್ಲು, ಕೊನೆಗೆ ಈ ಹಾಸ್ಟೆಲ್ಲು. ಮೂರು ಹೊತ್ತು, ನೂರಿಪ್ಪತ್ತು ಜನರ ತಟ್ಟೆ ಲೋಟ, ಜತೆಗೆ ಇಬ್ಬರು ಹಿಡಿದು ಇಳಿಸಬೇಕಾದ ಅಡುಗೆ ಪಾತ್ರೆಗಳು. ಬೆರಳ ಸಂದಿ ಬಿರಿದು, ಚಳಿಗಾಲದಲ್ಲಿ ಸೋಪು ತಾಗಿದರೆ ಜೀವ ಹೋದಂತಾಗುತ್ತದೆ. ಸೊಸೆ ತಂದುಕೊಟ್ಟ ಗ್ಲೌಸು ಮೊಳೆಗೆ ನೇತುಹಾಕಿದಲ್ಲೇ ಇದೆ. “ಅದನ್ನ ಹಾಕ್ಕೊಂಡ್ರೆ ಕರಕಲು ಎದ್ದಿದ್ಯೋ ಇಲ್ವೋ ಕೈಗೆ ತಿಳಿಯಲ್ಲ” ಎನ್ನುವುದು ಇವರ ವಾದ. ವಿಡಿಯೊ ಹುಚ್ಚು ಹತ್ತಿಸಿದ್ದೂ ಆ ಸೊಸೆಯೇ. ಅತ್ತೆಗೆ ಊಟದ ಡಬ್ಬಿ ಕೊಡಲು ಬಂದವಳು ತಮಾಷೆಗೆಂದು ಒಂದು ಹಾಲಿನ ದಬರಿಯ ಸ್ನಾನವನ್ನು ಚಿತ್ರಿಸಿ ಹಾಕಿದಳು. ಅತ್ತೆ ಅಂದಿನಿಂದ ಹಿಂತಿರುಗಿ ನೋಡಿಲ್ಲ.

ಪಾತ್ರೆ ಸೀಯಬೇಕೆಂದರೆ ಸೀಯಿಸುವವರು ಬೇಕಲ್ಲ? ಅಡುಗೆ ಅಕ್ಕನ ಪ್ರವೇಶವಾಗುವುದು ಇಲ್ಲಿ. ಪಾತ್ರೆ ಅಕ್ಕನಿಗಿಂತ ಹಿರಿಯರು, ಮಾತು ಕಮ್ಮಿ, ಕೈ ಚುರುಕು. ಮೂರು ಒಲೆಯ ಮೇಲೆ ನೂರಿಪ್ಪತ್ತು ಜನಕ್ಕೆ ಬೇಯಿಸುತ್ತಾರೆ. ಅದರಲ್ಲೊಂದು ಒಲೆ ಕೆಟ್ಟಿದೆ, ಒಂದೇ ಪಕ್ಕಕ್ಕೆ ಭುಗಿಲೆಂದು ಉರಿಯುತ್ತದೆ. ಹೊಸದು ಬರುತ್ತದೆ ಬರುತ್ತದೆ ಎಂದು ಹೇಳುವವರೇ ಹೊರತು ತರುವವರಿಲ್ಲ. ಆ ಒಲೆ ಏರಿದ ಪಾತ್ರೆ ವಾರಕ್ಕೆ ಎರಡು ಸಲವಾದರೂ ಸೀದುಹೋಗುತ್ತಿತ್ತು.

ಇಬ್ಬರದ್ದೂ ಹನ್ನೊಂದು ವರ್ಷದ ಒಡನಾಟ. ಬೆಳಗಿನ ಮೊದಲ ಚಹಾ ಒಟ್ಟಿಗೇ ಆಗಬೇಕು, ಬೋರಲು ಹಾಕಿದ ಪಾತ್ರೆಗಳ ಮೇಲೆ ಕೂತು. ಮಗ ಕಾಯಿಲೆ ಬಿದ್ದು ಪಾತ್ರೆ ಅಕ್ಕ ಆಸ್ಪತ್ರೆಯಲ್ಲೇ ಉಳಿದಾಗ, “ಆ ವಾರ ಅಡುಗೆನೂ ಅಕ್ಕಂದೇ, ಪಾತ್ರೆನೂ ಅಕ್ಕಂದೇ. ಒಬ್ಬರ ಹತ್ರನೂ ಹೇಳ್ಕೊಳ್ಳಲಿಲ್ಲ” ಎಂದು ನೆನೆಯುವಾಗ ಇವರ ದನಿ ಮೆತ್ತಗಾಗುತ್ತದೆ.

ಫಾಲೋವರ್ಸ್ ಹೆಚ್ಚಾದಂತೆ ಬಾಯಿಗಳೂ ಹೆಚ್ಚಾದವು. ‘ಆ ಅಡುಗೆಯವಳಿಗೆ ಕಣ್ಣು ಕಾಣಲ್ವಾ?’ ಎಂದು ಒಬ್ಬರು ಬರೆದರೆ, ‘ಇಂಥವಳ ಕೈಯೂಟ ತಿನ್ನೋರ ಗತಿ ಏನು?’ ಎಂದು ಇನ್ನೊಬ್ಬರು. ಹಾಸ್ಟೆಲ್ ಹುಡುಗಿಯರು ಅದನ್ನು ಊಟದ ಮನೆಯಲ್ಲಿ ಗಟ್ಟಿಯಾಗಿ ಓದಿ ನಕ್ಕರು. ಅಡುಗೆ ಅಕ್ಕ ಮಾರನೆಯ ದಿನದಿಂದ ಕೆಟ್ಟ ಒಲೆಯ ಮುಂದೆ ಕಂಬದಂತೆ ನಿಂತು ಸೌಟು ಆಡಿಸತೊಡಗಿದರು. ಅಲ್ಲಿಂದ ಒಂದು ಅಗುಳೂ ಸೀಯಲಿಲ್ಲ.

ಫಾಲೋವರ್ಸ್ ಸುಮ್ಮನಿರುತ್ತಾರೆಯೇ? ಪಾತ್ರೆ ಎಲ್ಲಿ, ಕರಕಲು ಎಲ್ಲಿ ಎಂದು ದುಂಬಾಲು ಬಿದ್ದರು. ಒಂದು ಮಧ್ಯಾಹ್ನ ಅಡುಗೆ ಅಕ್ಕ ಸ್ವಲ್ಪ ಅಡ್ಡಾಗಲು ಹೋದಾಗ ಪಾತ್ರೆ ಅಕ್ಕ ಮಾಡಬಾರದ ಕೆಲಸ ಮಾಡಿಬಿಟ್ಟರು. ಉಳಿದಿದ್ದ ಹಾಲನ್ನು ದಬರಿಗೆ ಸುರಿದು, ಸರಿಯಿದ್ದ ಒಲೆಯ ಮೇಲಿಟ್ಟು, ಉರಿ ದೊಡ್ಡದು ಮಾಡಿದರು. “ನೋಡೋಕಾಗ್ಲಿಲ್ಲ ನನಗೆ. ಗೋಡೆ ಕಡೆ ತಿರುಗಿ ನಿಂತ್ಕೊಂಡಿದ್ದೆ.” ಆ ವಿಡಿಯೊವನ್ನೇ ಎಲ್ಲಕ್ಕಿಂತ ಹೆಚ್ಚು ಜನ ನೋಡಿದರು. ನಲವತ್ತು ಸಾವಿರ ಮಂದಿಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ಅಡುಗೆ ಅಕ್ಕನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಹುಡುಗಿಯೊಬ್ಬಳ ಮೊಬೈಲು ಹಿಡಿದುಕೊಂಡೇ ಹಿತ್ತಲಿಗೆ ಬಂದರು. “ಇದು ನಾನು ಸೀಯಿಸಿದ್ದಲ್ಲ. ನನ್ನ ಒಲೆ ಪಕ್ಕಕ್ಕೆ ಹಿಡಿಯುತ್ತೆ, ಇದು ನಟ್ಟನಡುವೆ ಹಿಡಿದಿದೆ. ಸೀಯಿಸಿದಾಗ ಸೀಯಿಸಿದ್ದೀನಿ ಅಂತ ಒಪ್ಕೋತೀನಿ. ಮಾಡದೇ ಇರೋದನ್ನ ನನ್ನ ತಲೆಗೆ ಕಟ್ತೀಯಾ? ನೀನು?” ಎಂದರು. ಆ ಕೊನೆಯ ‘ನೀನು’ ಪಾತ್ರೆ ಅಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಅದಾಗಿ ಒಂದು ವಾರ. ಚಹಾದ ಲೋಟ ಕಿಟಕಿಯ ಕಟ್ಟೆಗೆ ಬಂದು ಕೂರುತ್ತದೆ, ಮಾತು ಬರುವುದಿಲ್ಲ.

ಇವತ್ತು ಅದಕ್ಕೊಂದು ಗತಿ ಕಾಣಿಸಬೇಕೆಂದು ಪಾತ್ರೆ ಅಕ್ಕ ಮನೆಯಿಂದಲೇ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಾರೆ. ಆ ಸುಳ್ಳು ವಿಡಿಯೊ ಅಳಿಸಿಯಾಗಿದೆ. ಸ್ವಚ್ಛ ದಬರಿಯೊಂದನ್ನು ಮುಂದಿಟ್ಟುಕೊಂಡು, ಎರಡೂ ಕೈಯನ್ನು ಅದರ ಅಂಚಿನ ಮೇಲಿಟ್ಟು, ಇದೇ ಮೊದಲ ಸಲ ವಿಡಿಯೊದಲ್ಲಿ ಬಾಯಿ ಬಿಡುತ್ತಾರೆ.

“ಕೇಳಿ ಎಲ್ರೂ. ಆ ಹಾಲು ಸೀಯಿಸಿದ್ದು ನಾನು. ನಿಮಗೆ ತೋರಿಸೋ ಆಸೆಗೆ ಬೇಕು ಅಂತ್ಲೇ ಸೀಯಿಸಿದೆ. ನಮ್ಮ ಅಡುಗೆ ಅಕ್ಕ ಕೆಟ್ಟ ಒಲೆ ಇಟ್ಕೊಂಡು ನೂರಿಪ್ಪತ್ತು ಜನದ ಹೊಟ್ಟೆ ತುಂಬಿಸ್ತಾರೆ. ಅವರ ಕೈಯೂಟ ಹನ್ನೊಂದು ವರ್ಷದಿಂದ ತಿಂತಿದ್ದೀನಿ. ಅವರನ್ನ ಬೈಯೋ ಹಾಗಿದ್ರೆ ನನ್ನನ್ನ ಬೈರಿ.” ಕೈ ಎತ್ತುವಾಗ ದಬರಿ ಕಟ್ಟೆಗೆ ತಾಗಿ ಟಣ್ ಎನ್ನುತ್ತದೆ. ಅದನ್ನೂ ಕತ್ತರಿಸದೆ ಹಾಗೇ ಹಾಕಿಬಿಡುತ್ತಾರೆ.

ತಿಂಡಿಯ ತಟ್ಟೆಗಳು ಹಿತ್ತಲಿಗೆ ಬರುವ ಹೊತ್ತಿಗೆ ಎರಡು ಸಾವಿರ ಜನ ಜಾಗ ಖಾಲಿ ಮಾಡಿದ್ದಾರೆ. ‘ಬೋಗಸ್’ ಎಂದು ಬರೆದವರಿದ್ದಾರೆ. ‘ಮೊದಲು ಆ ಒಲೆ ರಿಪೇರಿ ಮಾಡಿಸ್ರಪ್ಪಾ’ ಎಂದವರೂ ಇದ್ದಾರೆ. ಪಾತ್ರೆ ಅಕ್ಕ ಮೊಬೈಲನ್ನು ಮಗ್ಗಿನಲ್ಲೇ ಬಿಟ್ಟು ತಟ್ಟೆ ಉಜ್ಜುತ್ತಾರೆ, ಕಿವಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿದೆ.

ಬಾಗಿಲು ಕಿರುಗುಟ್ಟುತ್ತದೆ. ಅಡುಗೆ ಅಕ್ಕ ಬರುತ್ತಾರೆ, ಸೌಟು ಹಿಡಿಯುವ ಕೈಯಲ್ಲಿ ತಮ್ಮ ಹಳೆಯ ಮೊಬೈಲು.

“ಎಷ್ಟು ಜನ ಬಿಟ್ಟು ಹೋದ್ರು?”

“ಎರಡು ಸಾವಿರ ಅಕ್ಕ.”

“ಹೊಟ್ಟೆ ಉರೀತಾ?”

“ಸ್ವಲ್ಪ.”

ಅಡುಗೆ ಅಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಬೈಲನ್ನು ಅವರ ಮುಂದೆ ಹಿಡಿಯುತ್ತಾರೆ. “ಇದ್ರಲ್ಲಿ ನಿನ್ನ ಫಳಫಳ ಸೇರ್ಕೋಬೇಕು ಅಂದ್ರೆ ಎಲ್ಲಿ ಒತ್ತಬೇಕು?” ಪಾತ್ರೆ ಅಕ್ಕ ಬೆರಳು ಒರೆಸಿಕೊಂಡು ಮುಂದೆ ಚಾಚಿದರೆ, “ನೀನು ಒತ್ತಬೇಡ್ವೇ, ತೋರಿಸು ಸಾಕು. ನಾನೇ ಒತ್ತಬೇಕು” ಎಂದು ಗದರಿ, ಕಣ್ಣು ಕಿರಿದು ಮಾಡಿ, ಹೆಬ್ಬೆರಳನ್ನು ಬಲವಾಗಿ ಒತ್ತುತ್ತಾರೆ.

ಹಾಗಾದರೆ ಈಗ ಒಟ್ಟು ಫಾಲೋವರ್ಸ್ ಎಷ್ಟು? ಪಾತ್ರೆ ಅಕ್ಕ ಮಗ್ಗಿನ ಕಡೆ ತಿರುಗಿಯೂ ನೋಡುವುದಿಲ್ಲ. ಮುಖದ ತುಂಬ ನಗು, ಕಣ್ಣಲ್ಲಿ ನೀರು.

“ಬರ್ಕೊಳ್ಳಿ,” ಎನ್ನುತ್ತಾರೆ, “ಇವತ್ತು ಒಬ್ಬರು ಜಾಸ್ತಿ ಆದ್ರು.”